ಪ್ರಾರ್ಥನೆಯ ಹೊತ್ತಿಗೆ ಸುಮ್ಮನೆ ನಿಂತವನು

ಊರು ಕಾಯುವ ದೇವತೆ ಚೌಡಿಯ ಕಲ್ಲಿಗೆ ಜೆಸಿಬಿ ತಾಗಿಸಿದ ದಿನ ದಿನೇಶ ಬೆಳಿಗ್ಗೆಯೇ ಕುಡಿದಿದ್ದ. ಹೊಸನಗರದ ಆಚೆ ಒಬ್ಬರ ಮನೆ ಕಟ್ಟುವ ಜಾಗವನ್ನು ಸಮ ಮಾಡುವ ಕೆಲಸ. ಪಕ್ಕದ ದಿಬ್ಬದ ಧರೆಯ ಮಣ್ಣು ಕೆರೆಯುತ್ತ ಯಂತ್ರವನ್ನು ತಿರುಗಿಸಿದಾಗ ಅದರ ತೋಳು ಬೀಸಿಕೊಂಡು ಹೋಗಿ, ಮರದ ಬುಡದಲ್ಲಿ ಕುಂಕುಮ ಹಚ್ಚಿ ನಿಲ್ಲಿಸಿದ್ದ ಕಲ್ಲಿಗೆ ಬಡಿಯಿತು. ಕಲ್ಲು ಎರಡು ಹೋಳಾಯಿತು. ಕೆಲಸದವರಿಗೆ ಚಹಾ ತಂದು ಅಲ್ಲೇ ನಿಂತಿದ್ದ ವರದಮ್ಮ ಎಂಬ ಮುದುಕಿಯ ತಲೆಯ ಮೇಲಿಂದಲೇ ಆ ತೋಳು ಹಾದುಹೋಗಿತ್ತು. ಗೇಣು ತಗ್ಗಿದ್ದರೆ ಆಕೆ ಉಳಿಯುತ್ತಿರಲಿಲ್ಲ. ಚಹಾದ ಪಾತ್ರೆ ಉರುಳಿ, ಆಕೆ ಕುಸಿದು ಕೂತು ನಡುಗುತ್ತಿದ್ದಳು.

ಊರವರು ಓಡಿ ಬಂದದ್ದು ಕಲ್ಲಿನ ಹತ್ತಿರಕ್ಕೆ. ಚೌಡಮ್ಮ ಮುನಿದರೆ ಏನು ಗತಿ ಎಂದು ಒಬ್ಬರು, ಇವನಿಗೆ ಬುದ್ಧಿ ಕೆಡಿಸಿದ್ದೇ ಅವಳು ಎಂದು ಇನ್ನೊಬ್ಬರು. ಕ್ಯಾಬಿನ್ನಿನಿಂದ ಇಳಿದ ದಿನೇಶ ಮಾತ್ರ ವರದಮ್ಮನನ್ನೇ ನೋಡುತ್ತಿದ್ದ. ಏನಾದರೂ ಹೇಳಬೇಕೆಂದರೆ ಬಾಯಿಂದ ಬರುವುದು ಸಾರಾಯಿಯ ವಾಸನೆಯೇ ಎಂದು ಗೊತ್ತಿದ್ದರಿಂದ ಏನೂ ಹೇಳದೆ ಹೋಗಿಬಿಟ್ಟ.

ಅವತ್ತೇ ಕೆಲಸ ಹೋಯಿತು. ಅವನ ಹೆಂಡತಿ ಪ್ರತಿಮಾ ಅಂಗನವಾಡಿಯಲ್ಲಿ ಕೆಲಸ ಮಾಡುವವಳು. ವರ್ಷಗಳಿಂದ ಹೇಳಿ ಹೇಳಿ ಸೋತು ಈಗ ಬೈಯುವುದನ್ನೂ ಬಿಟ್ಟಿದ್ದಳು. ಅವಳ ತಾಯಿ ವೆಂಕಮ್ಮ ಸುಮ್ಮನಿರಲಿಲ್ಲ. ಹೊಸ ಕಲ್ಲು ನಿಲ್ಲಿಸಿ ಪೂಜೆ ಮಾಡಿಸಿದಳು, ಅಳಿಯನನ್ನು ಕರೆದುಕೊಂಡು ಹೋಗಿ, ಇನ್ನು ಸಾರಾಯಿ ಮುಟ್ಟುವುದಿಲ್ಲವೆಂದು ಆ ಕಲ್ಲಿನ ಮೇಲೆ ಆಣೆ ಹಾಕಿಸಿದಳು. ದಿನೇಶ ಆಣೆ ಹಾಕಿದ. ವಾರ ಕಳೆಯುವ ಮೊದಲೇ ಮತ್ತೆ ಕುಡಿದು ಬಂದ.

"ದೇವರ ಭಯನೂ ಇಲ್ವಲ್ಲ ನಿಂಗೆ" ಎಂದು ವೆಂಕಮ್ಮ ಅತ್ತಳು.

ಅದು ನಿಜವೇ ಆಗಿತ್ತು. ದಿನೇಶನಿಗೆ ಚಿಕ್ಕಂದಿನಿಂದಲೂ ದೇವರಿದ್ದಾನೆ ಎಂದು ಅನಿಸಿದ್ದಿಲ್ಲ. ಯಾರ ಮೇಲಿನ ಸಿಟ್ಟಿಗೂ ಅಲ್ಲ, ಯಾವ ಭಾಷಣ ಕೇಳಿಯೂ ಅಲ್ಲ. ದೀಪದ ಮುಂದೆ ಕಣ್ಣು ಮುಚ್ಚಿ ನಿಂತವರಿಗೆಲ್ಲ ಎದುರಿಗೆ ಯಾರೋ ಇದ್ದಾರೆ ಎಂದು ಅನಿಸುವಂತೆ ಅವನಿಗೆ ಅನಿಸುತ್ತಿರಲಿಲ್ಲ. ಬರೀ ಕಣ್ಣು ಮುಚ್ಚಿದ ಕತ್ತಲೆ. ಇದನ್ನು ಅವನು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ, ಹೇಳುವ ಪ್ರಸಂಗವೂ ಬಂದಿರಲಿಲ್ಲ.

ಒಂದು ದಿನ ಕೈಕಾಲು ಅದುರಿ, ಇಲ್ಲದ ಹುಳುಗಳು ಗೋಡೆಯ ಮೇಲೆ ಕಾಣತೊಡಗಿದಾಗ ಪ್ರತಿಮಾ ಅವನನ್ನು ಸಾಗರದ ಆಸ್ಪತ್ರೆಗೆ ಸೇರಿಸಿದಳು. ಮೈ ಸುಧಾರಿಸಿದ ಮೇಲೆ ಡಾಕ್ಟರು ಹೇಳಿದರು: "ಔಷಧಿಯಲ್ಲಿ ನಡುಕ ನಿಲ್ಲಿಸಬಹುದು. ಮುಂದಿಂದು ನನ್ನ ಕೈಲಿಲ್ಲ. ಇಲ್ಲೇ ಸಾಗರದಲ್ಲಿ ಪ್ರತಿ ಭಾನುವಾರ ಕುಡಿತ ಬಿಟ್ಟವರು ಸೇರ್ತಾರೆ. ಒಮ್ಮೆ ಹೋಗಿ ಕೂತು ಬನ್ನಿ."

ಕೂಟ ಸೇರುತ್ತಿದ್ದದ್ದು ಒಂದು ಹಳೆಯ ಶಾಲೆಯ ಕೋಣೆಯಲ್ಲಿ. ಮಕ್ಕಳ ಬೆಂಚುಗಳ ಮೇಲೆ ದೊಡ್ಡವರು ಮೊಣಕಾಲು ಮಡಚಿ ಕೂತಿದ್ದರು. ನಡೆಸುತ್ತಿದ್ದವನು ಕೃಷ್ಣಪ್ರಸಾದ ಭಟ್ಟ, ಮದುವೆ ಮುಂಜಿಗಳಿಗೆ ಅಡುಗೆ ಮಾಡುವವನು. ಒಬ್ಬೊಬ್ಬರೇ ಎದ್ದು ತಮ್ಮ ಕಥೆ ಹೇಳಿದರು. ದಿನೇಶನಿಗೆ ಆಶ್ಚರ್ಯವಾಯಿತು. ಬಾಟಲಿಯನ್ನು ಅಕ್ಕಿ ಡಬ್ಬದಲ್ಲಿ ಹುದುಗಿಸಿಟ್ಟವರು, ಮಗಳ ಶಾಲೆಯ ಕಾರ್ಯಕ್ರಮದಲ್ಲಿ ಬಿದ್ದವರು, ಎಲ್ಲ ತನ್ನಂಥವರೇ. ಯಾರೂ ನಾಚಿಕೊಳ್ಳಲಿಲ್ಲ, ಯಾರೂ ಉಪದೇಶ ಮಾಡಲಿಲ್ಲ. ಎಷ್ಟೋ ದಿನದ ಮೇಲೆ ಅವನ ಭುಜ ಸಡಿಲವಾಯಿತು.

ಕೊನೆಗೆ ಎಲ್ಲರೂ ಎದ್ದು ಕೈ ಕೈ ಹಿಡಿದುಕೊಂಡರು. ಭಟ್ಟ ಹೇಳಿಕೊಟ್ಟಂತೆ ಉಳಿದವರು ಹೇಳಿದರು: "ದೇವರೇ, ಇವತ್ತಿನ ದಿನ ನನ್ನ ಕೈ ಹಿಡಿ. ನಾಳೆಯದನ್ನು ನಾಳೆ ಕೇಳುತ್ತೇನೆ."

ದಿನೇಶ ಬಾಯಿ ತೆರೆಯಲಿಲ್ಲ. ಭಟ್ಟ ಅದನ್ನು ಗಮನಿಸಿದ್ದ.

"ಹೊಸಬರು, ಸಂಕೋಚ ಇರತ್ತೆ. ಮುಂದಿನ ವಾರ ಹೇಳಿ" ಎಂದ.

"ಸಂಕೋಚ ಅಲ್ಲ ಭಟ್ರೆ. ನಂಗೆ ದೇವರ ಮೇಲೆ ನಂಬಿಕೆ ಇಲ್ಲ. ಆಣೆ ಹಾಕಿ ಒಮ್ಮೆ ಸುಳ್ಳು ಹೇಳಿದೀನಿ. ಇಲ್ಲೂ ಸುಳ್ಳು ಹೇಳಿದ್ರೆ ಮತ್ತೆ ಕುಡಿತೀನಿ."

ಭಟ್ಟ ಒಳ್ಳೆಯ ಮನುಷ್ಯ. ಅವನ ಮಾತಿನಲ್ಲಿ ಕೋಪವಿರಲಿಲ್ಲ, ನಿಜವಾದ ಕಳವಳವೇ ಇತ್ತು. "ನೋಡಿ, ನಾನು ಸತ್ತೇ ಹೋಗ್ತಿದ್ದವ. ಉಳಿಸಿದ್ದು ಅವನು. ನಂಬದೇ ಕುಡಿತ ಬಿಟ್ಟು ನಿಂತವರನ್ನ ನಾನಂತೂ ನೋಡಿಲ್ಲ."

ದಿನೇಶ ಚಪ್ಪಲಿ ಮೆಟ್ಟಿ ಹೊರಟ. ಇಲ್ಲಿಯೂ ತನಗೆ ಜಾಗವಿಲ್ಲ ಎನ್ನುವುದು ಖಾತ್ರಿಯಾದಾಗ ಒಂದು ರೀತಿಯ ಖುಷಿಯೂ ಆಯಿತು. ಬಸ್ ಸ್ಟ್ಯಾಂಡಿನ ದಾರಿಯಲ್ಲಿ ವೈನ್ ಶಾಪ್ ಇರುವುದು ಅವನಿಗೆ ಗೊತ್ತಿತ್ತು. ಅಷ್ಟರಲ್ಲಿ ಹಿಂದಿನಿಂದ ಯಾರೋ ಏದುಸಿರು ಬಿಡುತ್ತ ಬಂದರು. ಕೂಟದಲ್ಲಿ ಕಿಟಕಿಯ ಪಕ್ಕ ಕೂತಿದ್ದ ಹಿರಿಯರು, ಜಿನಪ್ಪ. ಮಾಸ್ತಿಕಟ್ಟೆಯಲ್ಲಿ ವಿದ್ಯುತ್ ಯೋಜನೆಯ ಕೆಲಸದಲ್ಲಿದ್ದು ನಿವೃತ್ತರಾಗಿ ಸಾಗರದಲ್ಲಿ ನೆಲೆಸಿದವರು.

"ನಿಧಾನ ನಡಿ ಮಾರಾಯ, ನಂಗೆ ವಯಸ್ಸಾಯ್ತು. ಬಸ್ಸಿಗೆ ಹೊತ್ತಿದೆ. ಒಂದು ಚಾ ಕುಡಿಯಾಣ ಬಾ."

ಹೋಟೆಲಿನಲ್ಲಿ ಕೂತ ಮೇಲೆ ಜಿನಪ್ಪ ಕೇಳಿದರು. "ನೀನೊಬ್ಬನೇ ಬಿಡಾಕೆ ಎಷ್ಟು ಸಲ ನೋಡಿದೆ?"

"ಲೆಕ್ಕ ಇಟ್ಟಿಲ್ಲ."

"ಆಯ್ತಾ?"

"ಆಗಿದ್ರೆ ಇಲ್ಲಿಗೆ ಯಾಕೆ ಬರ್ತಿದ್ದೆ?"

"ಅಷ್ಟು ಒಪ್ಪಿದ್ರೆ ಸಾಕು. ನಾನು ಜೈನ. ದಿನಾ ಬಸದಿಗೆ ಹೋಗ್ತೀನಿ. ಆದ್ರೆ ಲೋಕ ಹುಟ್ಟಿಸಿ ನಡೆಸೋ ದೇವರು ಅಂತ ನಮ್ಮಲ್ಲಿ ಒಬ್ಬ ಇಲ್ಲ. ತೀರ್ಥಂಕರರು ಬಂದು ನನ್ನ ಕೈಯಿಂದ ಗ್ಲಾಸು ಕಿತ್ಕೊಳಲ್ಲ. ಅವರು ತಮ್ಮ ದಾರಿ ನಡೆದು ಮುಗಿಸಿದವರು. ನನ್ನ ಕಾಲು ನಾನೇ ಎತ್ತಿಡಬೇಕು. ಭಟ್ರು ಪ್ರಾರ್ಥನೆ ಹೇಳುವಾಗ ನಾನು ಬಾಯಿ ಆಡಿಸ್ತೀನಿ, ಮನಸ್ಸಲ್ಲಿ ನನ್ನ ಎಡಗಡೆ ಬಲಗಡೆ ನಿಂತವರನ್ನ ನೆನಿತೀನಿ. ಇಷ್ಟು ವರ್ಷ ಕುಡಿದಿಲ್ಲ."

"ಹಾಗಾದ್ರೆ ಭಟ್ರಿಗೆ ಹೇಳಿಲ್ಲ ಯಾಕೆ?"

ಜಿನಪ್ಪ ನಕ್ಕರು. "ನಿನ್ನಷ್ಟು ಧೈರ್ಯ ಇರಲಿಲ್ಲ. ನೀನು ಬಾಯಿ ಆಡಿಸೋದೂ ಬೇಡ, ಸುಮ್ಮನೆ ನಿಂತ್ಕೋ. ಆದ್ರೆ ಬಾ. ಕುಡಿಬೇಕು ಅನಿಸಿದ್ರೆ ನಂಗೆ ಫೋನ್ ಮಾಡು. ಕುಡಿಯೋ ಮೊದಲು ಮಾಡು. ಕುಡಿದಾದ್ಮೇಲೆ ಮಾಡಿದ್ರೆ ನಾನು ಎಂತ ಮಾಡ್ಲಿ?"

ಅವತ್ತು ಇಬ್ಬರೂ ವೈನ್ ಶಾಪಿನ ಎದುರಿನಿಂದಲೇ ನಡೆದು ಬಸ್ ಸ್ಟ್ಯಾಂಡ್ ಸೇರಿದರು.

ಮೊದಮೊದಲು ಕಷ್ಟವೇ ಆಯಿತು. ಸಂಜೆ ಆಗುತ್ತಿದ್ದಂತೆ ಗಂಟಲು ಬೇರೆ ಯಾರದೋ ಎನ್ನುವಂತೆ ಎಳೆಯುತ್ತಿತ್ತು. ಮನೆಯಲ್ಲಿ ನೆಟ್‌ವರ್ಕ್ ಸಿಗುತ್ತಿರಲಿಲ್ಲ, ಗುಡ್ಡದ ಮೇಲಿನ ನೀರಿನ ಟ್ಯಾಂಕಿನ ಹತ್ತಿರ ಹತ್ತಿ ಹೋಗಿ ಫೋನ್ ಮಾಡಬೇಕಿತ್ತು. ಜಿನಪ್ಪ ಕುಡಿತದ ಮಾತೇ ಎತ್ತುತ್ತಿರಲಿಲ್ಲ. ಈ ಸಲ ಉಪ್ಪಿನಕಾಯಿಗೆ ಅಪ್ಪೆಮಿಡಿ ಮಾವು ಸರಿಯಾಗಿ ಬಿಟ್ಟಿಲ್ಲ, ಪಕ್ಕದ ಮನೆಯ ನಾಯಿ ತಮ್ಮ ಚಪ್ಪಲಿಗಳಲ್ಲಿ ಒಂದನ್ನು ಮಾತ್ರ ಕದ್ದೊಯ್ದಿದೆ, ಇಂಥವೇ. ಕೇಳುತ್ತ ಕೇಳುತ್ತ ಆ ಎಳೆತ ಸಡಿಲವಾಗುತ್ತಿತ್ತು. ಇಳಿದು ಬರುವಾಗ ದಿನೇಶನಿಗೆ ಹಸಿವಾಗಿರುತ್ತಿತ್ತು.

ಬೇರೊಬ್ಬ ಗುತ್ತಿಗೆದಾರರು ಕೆಲಸ ಕೊಟ್ಟರು. ಮಳೆಗಾಲದಲ್ಲಿ ಘಾಟಿ ರಸ್ತೆಗೆ ಧರೆ ಕುಸಿದಾಗ ಮಣ್ಣು ತೆಗೆಯುವುದು. ಚಳಿಗೆ ಸ್ವಲ್ಪ ಹಾಕಿಕೋ ಎಂದು ಜೊತೆಯವರು ಕರೆದಾಗ "ನಂಗೆ ಆಗಲ್ಲ" ಎನ್ನುವುದನ್ನು ಕಲಿತ. ಬಿಟ್ಟಿದ್ದೇನೆ ಎಂದರೆ ಒತ್ತಾಯ ಮಾಡುತ್ತಿದ್ದರು, ಆಗಲ್ಲ ಎಂದರೆ ಬಿಡುತ್ತಿದ್ದರು.

ಮನೆಯಲ್ಲಿ ವೆಂಕಮ್ಮ ಹಿಗ್ಗಿದ್ದಳು. "ಚೌಡಮ್ಮ ಕಣ್ಣು ಬಿಟ್ಳು" ಎಂದು ಕಂಡವರಿಗೆಲ್ಲ ಹೇಳುತ್ತಿದ್ದಳು. ಪ್ರತಿಮಾ ಒಮ್ಮೆ ಗಂಡನಿಗೆ ಹೇಳಿದಳು. "ಹೌದು ಅಂದ್ಬಿಡಿ ಮಾರಾಯ್ರೆ. ಅಮ್ಮನಿಗೂ ಸಮಾಧಾನ."

"ಅವರು ಹೇಳ್ಕೊಳ್ಳಲಿ, ನಾನು ಅಡ್ಡ ಬರಲ್ಲ. ಆದ್ರೆ ನನ್ನ ಬಾಯಲ್ಲಿ ಅದು ಬರಲ್ಲ ಪ್ರತಿಮಾ. ಬಿಡಿಸಿದ್ದು ಚೌಡಮ್ಮ ಅಂದ್ರೆ ಕುಡಿಸಿದ್ದೂ ಅವಳೇ ಅಂದಂಗೆ ಆಗ್ತದೆ. ಕುಡಿದಿದ್ದು ನಾನು. ಆ ಅಜ್ಜಿ ತಲೆ ಮೇಲೆ ಯಂತ್ರ ಬೀಸಿದ್ದೂ ನಾನು."

ಪ್ರತಿಮಾ ಒಲೆಗೆ ಇನ್ನೊಂದು ಕಟ್ಟಿಗೆ ತಳ್ಳಿದಳು. ಆಮೇಲೆ, "ಹಾಗಾದ್ರೆ ಆ ಅಜ್ಜೀನ ಒಂದ್ಸಲ ನೋಡಿ ಬನ್ನಿ" ಎಂದಳು.

ಮಾರನೆಯ ಬೆಳಿಗ್ಗೆಯೇ ಅವನು ಹೋದ. ವರದಮ್ಮ ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದಳು. ಗುರುತು ಹಿಡಿದು, ಕೂರು ಎಂದೂ ಅನ್ನದೆ ನಿಂತಳು. ದಿನೇಶ ತನ್ನದು ತಪ್ಪಾಯಿತು ಎಂದ, ಕುಡಿದಿದ್ದೆ ಎಂದ. ಅದಕ್ಕಿಂತ ಹೆಚ್ಚು ಹೇಳಲು ಅವನಿಗೆ ಬರಲಿಲ್ಲ.

"ಕಲ್ಲಿಗೆ ಮೂರು ಪೂಜೆ ಆಯ್ತು" ಎಂದಳು ವರದಮ್ಮ. "ನಂಗೆ ಎಂತಾಯ್ತು ಅಂತ ಒಬ್ರೂ ಕೇಳ್ಲಿಲ್ಲ. ಈಗಲೂ ಮೋಟಾರಿನ ಸದ್ದು ಕೇಳಿದ್ರೆ ಎದೆ ಹಾರ್ತದೆ." ಕ್ಷಮಿಸಿದೆ ಎಂದು ಆಕೆ ಹೇಳಲಿಲ್ಲ. ಆದರೆ ಅವನು ಹೊರಡುವಾಗ, "ಬಿಸಿಲಿದೆ, ನೀರು ಕುಡ್ಕಂಡು ಹೋಗು" ಎಂದು ಚೊಂಬು ತಂದಿಟ್ಟಳು.

ಭಾನುವಾರಗಳು ಸಾಗಿದವು. ದಿನೇಶ ಪ್ರಾರ್ಥನೆಯ ಹೊತ್ತಿಗೆ ಎಲ್ಲರ ಕೈ ಹಿಡಿದು ಸುಮ್ಮನೆ ನಿಲ್ಲುತ್ತಿದ್ದ. ಭಟ್ಟ ಪ್ರತಿ ಸಲವೂ ಒಮ್ಮೆ ಅವನ ಮುಖ ನೋಡಿ ಕಣ್ಣು ಮುಚ್ಚುತ್ತಿದ್ದ.

ಮರುವರ್ಷದ ಮದುವೆಯ ಸೀಸನ್ನಿನಲ್ಲಿ ಭಟ್ಟ ಎರಡು ವಾರ ಕೂಟಕ್ಕೆ ಬರಲಿಲ್ಲ. ಜಿನಪ್ಪ ಕಣ್ಣಿನ ಆಪರೇಷನ್ನಿಗೆ ಮಣಿಪಾಲಕ್ಕೆ ಹೋಗಿದ್ದರು. ಒಂದು ಬೆಳಿಗ್ಗೆ ದಿನೇಶ ಟ್ಯಾಂಕಿನ ಹತ್ತಿರ ಹತ್ತಿದಾಗ ಅಲ್ಲಿಂದಲೇ ಫೋನ್ ಮಾಡಿದರು: "ಭಟ್ರು ತೀರ್ಥಹಳ್ಳಿಯಲ್ಲಿ ಒಂದು ಛತ್ರದ ಹಿಂದಿನ ರೂಮಲ್ಲಿ ಬಾಗಿಲು ಹಾಕ್ಕಂಡು ಕೂತಿದಾರಂತೆ. ಕುಡಿದಿದಾರೆ. ನನ್ನನ್ನ ಈಗ ಆಪರೇಷನ್ನಿಗೆ ಒಳಗೆ ಕರೀತಿದಾರೆ. ನೀನು ಹೋಗು."

"ನಾನಾ? ನನ್ನ ಮುಖ ನೋಡಿದ್ರೆ ಅವರಿಗೆ ಇನ್ನೂ ಬೇಜಾರಾಗ್ತದೆ."

"ಮತ್ತೆ ಯಾರಿದಾರೆ? ಹೋಗು."

ದಿನೇಶ ಸಿಕ್ಕ ಮೊದಲ ಬಸ್ಸಿಗೆ ತೀರ್ಥಹಳ್ಳಿಗೆ ಹೋದ. ಭಟ್ಟ ಬಾಗಿಲು ತೆಗೆದಾಗ ಅವನ ಗಡ್ಡ ಬೆಳೆದಿತ್ತು, ಜನಿವಾರ ಇರಲಿಲ್ಲ. ಕಿಟಕಿಯಲ್ಲಿ ಅರ್ಧ ತುಂಬಿದ ಬಾಟಲಿ.

"ಎಂತಕ್ಕೆ ಬಂದ್ಯ ನೀನು? ನಗಾಡಕ್ಕಾ?"

"ಅಲ್ಲ ಭಟ್ರೆ."

"ನಗು. ನಿಂದೇ ಸರಿ ಆಯ್ತಲ್ಲ. ನಂಬಿದವ ಬಿದ್ದ, ನಂಬದವ ನಿಂತ."

ದಿನೇಶನಿಗೆ ಹೌದು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತೇನೋ, ಒಂದು ಕ್ಷಣ. ಆದರೆ ಆ ಕ್ಷಣದಲ್ಲಿ ಅವನ ಮೂಗಿಗೆ ಬಾಟಲಿಯ ವಾಸನೆ ಬಡಿಯಿತು. ಎಷ್ಟೋ ತಿಂಗಳ ನಂತರ ಮುಚ್ಚಿದ ಕೋಣೆಯೊಳಗೆ ಅಷ್ಟು ಹತ್ತಿರ. ಬಾಯಲ್ಲಿ ನೀರೂರಿತು, ಅಂಗೈ ಬೆವರಿತು. ಆಪರೇಷನ್ನಿಗೆ ಹೋದ ಜಿನಪ್ಪನವರಿಗೆ ಫೋನ್ ಮಾಡುವಂತಿಲ್ಲ. ಓಡಿಹೋಗಬಹುದಿತ್ತು, ಆದರೆ ಓಡಿದರೆ ಎಲ್ಲಿಗೆ ಹೋಗುತ್ತೇನೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಭಟ್ರೆ" ಎಂದ. "ನಂಗೆ ಈಗ ಕುಡಿಬೇಕು ಅನಿಸ್ತಿದೆ. ಆ ಬಾಟ್ಲಿನ ನಾನು ಕೈಲಿ ಮುಟ್ಟಿದ್ರೆ ಚೆಲ್ಲಲ್ಲ, ಕುಡಿತೀನಿ. ನೀವೇ ಚೆಲ್ಲಿ. ನಂಗೋಸ್ಕರ."

ಭಟ್ಟ ಅವನನ್ನು ದಿಟ್ಟಿಸಿದ. ತನ್ನನ್ನು ಎಬ್ಬಿಸಲು ಬಂದವನು ತನ್ನ ಸಹಾಯ ಕೇಳುತ್ತಿದ್ದಾನೆ ಎನ್ನುವುದು ಅರ್ಥವಾಗಲು ಅವನಿಗೆ ಹೊತ್ತು ಹಿಡಿಯಿತು. ಆಮೇಲೆ ಗೋಡೆ ಹಿಡಿದು ಎದ್ದ. ಬಾಟಲಿ ತೆಗೆದುಕೊಂಡು ತೂರಾಡುತ್ತ ಬಚ್ಚಲಿಗೆ ಹೋಗಿ ಪೂರ್ತಿ ಸುರಿದು, ಮೇಲೊಂದು ಕೊಡ ನೀರು ಹೊಯ್ದ. ವಾಪಸು ಬಂದು ಚಾಪೆಯ ಮೇಲೆ ಕುಸಿದು ಅಳತೊಡಗಿದ. ದಿನೇಶನೂ ಪಕ್ಕದಲ್ಲಿ ಕೂತ.

"ಅವನ ಹೆಸರು ಹೇಳಕ್ಕೆ ನಂಗೆ ಬಾಯೇ ಬರ್ತಾ ಇಲ್ಲ" ಎಂದ ಭಟ್ಟ. "ಮೂರು ದಿನ ಆಯ್ತು. ಯಾವ ಮುಖದಲ್ಲಿ ಕರೀಲಿ?"

ದಿನೇಶ ಅವನ ಕೈ ಹಿಡಿದುಕೊಂಡ. ವಾರವಾರ ಕೇಳಿ ಬಾಯಿಪಾಠವಾಗಿದ್ದ ಮಾತುಗಳನ್ನು ನಿಧಾನವಾಗಿ ಹೇಳಿದ. "ದೇವರೇ, ಇವತ್ತಿನ ದಿನ ನನ್ನ ಕೈ ಹಿಡಿ..."

ಭಟ್ಟ ತಲೆ ಎತ್ತಿದ. "ನೀನು ನಂಬಲ್ಲ ಅಲ್ಲವಾ?"

"ನಾನು ನಂಬಲ್ಲ. ನೀವು ನಂಬ್ತೀರಿ. ನಿಮಗೆ ಬಾಯಿ ಬರೋವರೆಗೆ ನಾನು ಹೇಳ್ತೀನಿ. ನಡೀರಿ, ಹೇಳಿ."

ಎರಡನೆಯ ಸಲಕ್ಕೆ ಭಟ್ಟನ ತುಟಿ ಅಲುಗಿತು. ಮೂರನೆಯ ಸಲಕ್ಕೆ ಅವನೊಬ್ಬನೇ ಹೇಳಿದ. ದಿನೇಶ ಎಂದಿನಂತೆ ಸುಮ್ಮನಾದ. ಅಷ್ಟು ಹೊತ್ತಿಗೆ ತನ್ನ ಅಂಗೈ ಒಣಗಿದೆ ಎನ್ನುವುದು ಅವನ ಗಮನಕ್ಕೆ ಬಂತು.

ಮಧ್ಯಾಹ್ನದ ಬಸ್ಸಿಗೆ ಭಟ್ಟನನ್ನು ಸಾಗರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಭಟ್ಟ ಅವನ ಭುಜಕ್ಕೆ ಒರಗಿ ನಿದ್ದೆ ಮಾಡಿದ.

ಆಸ್ಪತ್ರೆಯಿಂದ ಬಿಟ್ಟ ಮೇಲೆ ಭಟ್ಟ ಕೂಟಕ್ಕೆ ಬಂದಾಗ ಎಲ್ಲರಿಗಿಂತ ಹಿಂದಿನ ಬೆಂಚಿನಲ್ಲಿ ಕೂತ. ಎದ್ದು ನಿಂತು, ಮೊದಲ ಸಲ ಬಂದವನ ಹಾಗೆ ತನ್ನ ಹೆಸರು ಹೇಳಿ, ನಡೆದದ್ದನ್ನೆಲ್ಲ ಹೇಳಿದ. ಕೂಟವನ್ನು ಇನ್ನು ಕೆಲವು ದಿನ ದಿನೇಶನೇ ನಡೆಸಲಿ ಎಂದ. ಒಬ್ಬಿಬ್ಬರು ಮುಖ ಮುಖ ನೋಡಿಕೊಂಡರು. ಕಪ್ಪು ಕನ್ನಡಕ ಹಾಕಿಕೊಂಡು ಬಂದಿದ್ದ ಜಿನಪ್ಪ, "ನಡೆಸ್ತಾನೆ, ನಡೆಸ್ತಾನೆ" ಎಂದು ಎಲ್ಲರ ಪರವಾಗಿ ಒಪ್ಪಿಗೆ ಕೊಟ್ಟುಬಿಟ್ಟರು.

ಕೊನೆಯಲ್ಲಿ ಎಲ್ಲರೂ ಎದ್ದಾಗ ದಿನೇಶ ಮೊದಲು ಎಡಬಲದವರ ಕೈ ಹಿಡಿದುಕೊಂಡ. ಆಮೇಲೆ ಹೇಳಿದ: "ಪ್ರಾರ್ಥನೆ ಭಟ್ರು ಹೇಳಿಕೊಡ್ತಾರೆ. ಹೇಳೋರು ಹೇಳಿ. ಹೇಳಕ್ಕೆ ಆಗದವರು ನನ್ನ ಜೊತೆ ಸುಮ್ಮನೆ ನಿಂತ್ಕಳಿ. ಕೈ ಮಾತ್ರ ಯಾರೂ ಬಿಡಬೇಡಿ."

ಭಟ್ಟ ಹೇಳಿಕೊಟ್ಟ. ಬಹಳ ಜನ ಹೇಳಿದರು. ಇಬ್ಬರು ಹೇಳಲಿಲ್ಲ, ಒಬ್ಬ ದಿನೇಶ, ಇನ್ನೊಬ್ಬರು ಇಷ್ಟು ವರ್ಷ ಬಾಯಿ ಆಡಿಸುತ್ತಿದ್ದ ಜಿನಪ್ಪ.