ಒಂದೇ ಬಟ್ಟಲು

ಯಮುನಾ ಮೈಕಿನ ಮುಂದೆ ನಿಂತಾಗ ಹುಣಸೆಹಣ್ಣಿನ ಹುಳಿ ಇನ್ನೂ ಬೆರಳಸಂದಿಯಲ್ಲಿ ಚುರುಗುಟ್ಟುತ್ತಿತ್ತು. ಚಾಮರಾಜಪೇಟೆಯ ಆ ಪುಟ್ಟ ಚರ್ಚಿನ ಬೀರುವಿನಿಂದ ಹಳೆಯ ಬೆಳ್ಳಿ ಬಟ್ಟಲನ್ನು ತೆಗೆದು ಬೆಳಗ್ಗೆ ಅವಳೇ ತಿಕ್ಕಿದ್ದಳು. ಹನ್ನೆರಡು ವರ್ಷ ಯಾರ ತುಟಿಗೂ ತಾಕದೆ ಅದು ಕಪ್ಪಿಟ್ಟುಹೋಗಿತ್ತು.

ತೊಂಬತ್ತೊಂದರಲ್ಲಿ ಅವಳ ತಾಯಿ ಸಿದ್ದಮ್ಮ ದೀಕ್ಷಾಸ್ನಾನ ಪಡೆದು ಈ ಸಭೆಗೆ ಸೇರಿದಳು. ಕಲಾಸಿಪಾಳ್ಯದಲ್ಲಿ ಕಸ ಗುಡಿಸುತ್ತಿದ್ದವಳು. ಮುಂದಿನ ತಿಂಗಳೇ ಪಾದ್ರಿ ವರದರಾಜ ಅಯ್ಯನವರು ಅವೆನ್ಯೂ ರಸ್ತೆಯಿಂದ ಐದು ಡಜನ್ ಸಣ್ಣ ಗ್ಲಾಸು ತರಿಸಿದರು. ಕರ್ತನ ಭೋಜನದ ದ್ರಾಕ್ಷಾರಸಕ್ಕೆ ಇನ್ನು ಎಲ್ಲರಿಗೂ ಒಂದೇ ಬಟ್ಟಲಲ್ಲ, ತಲೆಗೊಂದು ಗ್ಲಾಸು. "ಆರೋಗ್ಯದ ದೃಷ್ಟಿಯಿಂದ" ಅಂದರು. ಆರೋಗ್ಯವಂತೆ, ಆರೋಗ್ಯ! ಸಿದ್ದಮ್ಮನಿಗೆ ಓದು ಬರುತ್ತಿರಲಿಲ್ಲ, ಇದು ಮಾತ್ರ ಚೆನ್ನಾಗಿ ಅರ್ಥವಾಯಿತು.

"ನನ್ ಎಂಜ್ಲು ಅವ್ರಿಗೆ ಬ್ಯಾಡ ಕಣವ್ವಾ" ಅಂದವಳು ಸಾಯುವ ತನಕ ಆ ಗ್ಲಾಸು ಮುಟ್ಟಲಿಲ್ಲ. ಯಮುನಾ ಮಾತ್ರ ಅದೇ ಅಯ್ಯನವರ ಜೊತೆ ಮನೆಮನೆಗೆ ಸುವಾರ್ತೆ ಹೇಳಿಕೊಂಡು ತಿರುಗಿದಳು, ಹಲ್ಲು ಕಚ್ಚಿಕೊಂಡು. ತನಗೂ ಒಂದು ದಿನ ಬರುತ್ತದೆ ಎಂದು ಕಾದಳು.

ಆ ದಿನ ಘಾನಾ ದೇಶದಿಂದ ವಿಮಾನ ಹತ್ತಿ ಬಂತು. ಅತಿಥಿ ಪಾದ್ರಿ ಅಸಾರೆಯವರ ಇಂಗ್ಲಿಷಿಗೆ ಯಮುನಾಳದೇ ಅನುವಾದ. ಶನಿವಾರ ಗ್ಲಾಸುಗಳನ್ನು ನೋಡಿ ಅವರು "ಒಂದೇ ಬಟ್ಟಲು ಇಲ್ಲವೇನಮ್ಮ?" ಎಂದು ಕೇಳಿದ್ದೇ ತಡ, ಅವಳು ಬೀರು ತೆರೆದು ತೋರಿಸಿ, ನಡೆದದ್ದನ್ನೆಲ್ಲ ಹೇಳಿಬಿಟ್ಟಿದ್ದಳು.

ಈಗ ಭಾನುವಾರ, ಸಭೆ ತುಂಬಿತ್ತು. "ಸುವಾರ್ತೆ ನಮ್ಮೂರಲ್ಲಿ ಒಬ್ಬರ ಕೆಲಸವಲ್ಲ, ಊರಿನ ಕೆಲಸ" ಎಂದರು ಅಸಾರೆ. "ಜೊತೆಗೆ ದುಡಿಯುವವರು ಒಂದೇ ಬಟ್ಟಲಲ್ಲಿ ಕುಡಿಯುತ್ತಾರೆ. ಇವತ್ತು ಮೊದಲು ಯಮುನಾ, ಆಮೇಲೆ ನಿಮ್ಮ ಅಯ್ಯನವರು." ಯಮುನಾ ಒಂದಕ್ಷರ ಬಿಡದೆ ಕನ್ನಡದಲ್ಲಿ ಹೇಳಿದಳು. ಬಟ್ಟಲಿಗೆ ತುಟಿಯೊತ್ತಿ ದ್ರಾಕ್ಷಾರಸ ಕುಡಿದು ಅದನ್ನು ಅಯ್ಯನವರತ್ತ ಚಾಚಿದಳು. ಅಯ್ಯನವರು ಜೇಬಿನಿಂದ ಕರವಸ್ತ್ರ ತೆಗೆದರು.

"ಒರೆಸ್ಬೇಡಿ, ಅಯ್ಯನವರೇ" ಎಂದಳು ಮೆಲ್ಲಗೆ. "ಎಲ್ರೂ ನೋಡ್ತಿದಾರೆ."

"ಇದೇನು ಹಟ ಯಮುನಾ ನಿಂದು?"

"ನಂದಲ್ಲ, ನಮ್ಮಮ್ಮಂದು. ಕುಡೀರಿ."

ಅವರು ಕಣ್ಣು ಮುಚ್ಚಿ ಕುಡಿದರು, ಕಷಾಯ ಕುಡಿದಂತೆ. ಅಬ್ಬಾ, ಅವಳಿಗೆ ಎಷ್ಟು ಖುಷಿಯಾಯಿತು!

ಅಸಾರೆ ಇಬ್ಬರ ಹೆಗಲ ಮೇಲೂ ಕೈಯಿಟ್ಟರು. "ಒಂದೇ ಬಟ್ಟಲಲ್ಲಿ ಕುಡಿದವರು ಹಳೆಯ ಕಹಿಯನ್ನು ಇನ್ನು ಯಾರ ಮುಂದೆಯೂ ಎತ್ತುವ ಹಾಗಿಲ್ಲ. ಅದು ನಮ್ಮ ಕಟ್ಟಳೆ. ಸಭೆಗೆ ಹೇಳಮ್ಮ."

ಇಂಗ್ಲಿಷ್ ಬಲ್ಲ ಅಯ್ಯನವರು ನಿಟ್ಟುಸಿರು ಬಿಟ್ಟರು. ಮುಖ ಅರಳಿಯೇ ಹೋಯಿತು. ಅದನ್ನು ಯಮುನಾ ನೋಡಿದಳು. ಒಂದು ಗುಟುಕಿಗೆ ಹನ್ನೆರಡು ವರ್ಷ ತೀರಿಹೋಯಿತೆ? ಅಮ್ಮ ಹಾಗೇ ಹೋದದ್ದಕ್ಕೆ ಇಷ್ಟೇನಾ? ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು.

"ತೊಂಬತ್ತೊಂದ್ರಲ್ಲಿ ನಮ್ಮಮ್ಮ ಸಿದ್ದಮ್ಮ ಈ ಸಭೆಗೆ ಸೇರಿದ್ಲು. ಮುಂದಿನ್ ತಿಂಗ್ಳೇ ಇಲ್ಲಿಗೆ ಗ್ಲಾಸು ಬಂತು. ಯಾಕ್ ಬಂತು ಅಂತ ಹೇಳ್ತೀನಿ, ಎಲ್ರೂ ಕೇಳಿ."

ಅಯ್ಯನವರ ಮುಖ ಬಿಳಿಚಿಕೊಂಡಿತು. ಕನ್ನಡ ಬಾರದ ಅಸಾರೆ, ತಮ್ಮ ಮಾತನ್ನೇ ಹೇಳುತ್ತಿದ್ದಾಳೆ ಎಂದುಕೊಂಡು, ಅವಳ ಒಂದೊಂದು ವಾಕ್ಯಕ್ಕೂ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು.