ಇಬ್ಬರು ಕೂರುವ ಕುರ್ಚಿ

ನಮ್ಮ ಕಂಪನಿಯಲ್ಲಿ ಯಾರನ್ನಾದರೂ ದೂರದ ಉತ್ತರದ ಅಓಮೊರಿಯ ಉಗ್ರಾಣಕ್ಕೆ ಕಳಿಸಬೇಕಾದರೆ ಅದನ್ನು ಆಫೀಸಿನಲ್ಲಿ ಹೇಳುವುದಿಲ್ಲ. ಫೆಬ್ರುವರಿಯ ಪ್ರವಾಸದಲ್ಲಿ, ಹಿನೋಕುರಾದ ಮೂರನೇ ನಂಬರಿನ ಲಿಫ್ಟಿನಲ್ಲಿ ಹೇಳುತ್ತಾರೆ.

ಹಿನೋಕುರಾ ದೊಡ್ಡದೂ ಅಲ್ಲದ, ಚಿಕ್ಕದೂ ಅಲ್ಲದ ಸ್ಕೀ ತಾಣ. ಏಳು ಲಿಫ್ಟು, ಎರಡು ಊಟದ ಹಾಲ್, ಒಂದು ಬಿಸಿನೀರಿನ ಬುಗ್ಗೆ. ಮೂರನೆಯದು ಎಲ್ಲಕ್ಕಿಂತ ಹಳೆಯ ಲಿಫ್ಟು. ತಂತಿಗೆ ತೂಗುಬಿದ್ದ, ಇಬ್ಬರೇ ಕೂರಬಹುದಾದ ಕುರ್ಚಿಗಳು. ಮೇಲೆ ಮುಟ್ಟಲು ಹನ್ನೊಂದು ನಿಮಿಷ. ಮಧ್ಯಾಹ್ನದ ಊಟವಾದ ಮೇಲೆ ನಮ್ಮ ಮ್ಯಾನೇಜರ್ ಹಿರುಕಾವಾ ಒಬ್ಬರ ಹೆಸರು ಹಿಡಿದು ಕರೆಯುತ್ತಾರೆ. "ಬನ್ನಿ, ಒಂದ್ಸಲ ಮೇಲೆ ಹೋಗಿಬರೋಣ." ಆ ಕುರ್ಚಿಯಲ್ಲಿ ಇಬ್ಬರೂ ಮುಂದಕ್ಕೇ ನೋಡುತ್ತಿರುತ್ತಾರೆ. ಹೇಳುವವನು ಕೇಳುವವನ ಮುಖ ನೋಡಬೇಕಾಗಿಲ್ಲ. ಕೇಳುವವನು ಎದ್ದು ಹೋಗುವಂತಿಲ್ಲ. ಆಫೀಸಿನಲ್ಲಿ ಹೇಳಿದರೆ ಅದು ಆಜ್ಞೆಯಾಗುತ್ತದೆ, ಕಾಗದಪತ್ರ ಬೇಕಾಗುತ್ತದೆ. ಅಲ್ಲಿ ಹೇಳಿದರೆ ಬರೀ ಮಾತು. ಅದೇ ಸಂಜೆ ಔತಣದಲ್ಲಿ ಆ ಮನುಷ್ಯ ಎದ್ದು ನಿಂತು, ನನ್ನ ಸ್ವಂತ ಇಚ್ಛೆಯಿಂದ ಉತ್ತರಕ್ಕೆ ಹೋಗಲು ಕೇಳಿಕೊಂಡಿದ್ದೇನೆ ಅನ್ನುತ್ತಾನೆ. ನಾವು ಚಪ್ಪಾಳೆ ತಟ್ಟುತ್ತೇವೆ. ಎಂಟು ವರ್ಷದಿಂದ ನಾನೂ ತಟ್ಟುತ್ತಿದ್ದೇನೆ.

ಇದು ಎಲ್ಲರಿಗೂ ಗೊತ್ತು. ಯಾರೂ ಯಾರಿಗೂ ಹೇಳಿದ್ದಲ್ಲ. ಗೊತ್ತಿಲ್ಲದವರು ಉಬುಕಾತಾ ಒಬ್ಬರೇ. ಅವರು ಮೂವತ್ತು ವರ್ಷ ಸೈತಾಮಾದ ನಮ್ಮ ಕಾರ್ಖಾನೆಯಲ್ಲಿ ರಟ್ಟಿನ ಪೆಟ್ಟಿಗೆ ಕತ್ತರಿಸುತ್ತಿದ್ದವರು. ಕಾರ್ಖಾನೆ ಮುಚ್ಚಿದಾಗ ನಮ್ಮ ವಿಭಾಗಕ್ಕೆ ಬಂದರು. ಹೋದ ವರ್ಷ ಮ್ಯಾನೇಜರ್ ಕರೆದದ್ದು ಅವರನ್ನೇ. ಇಬ್ಬರೂ ಹತ್ತುವ ಜಾಗದಲ್ಲಿ ನಿಂತಿದ್ದರು. ಲಿಫ್ಟಿನ ಕೆಲಸಗಾರ ಬಂದ ಕುರ್ಚಿಯ ಮೇಲಿನ ಹಿಮವನ್ನು ಪೊರಕೆಯಿಂದ ಗುಡಿಸಿ, "ಹೋಗಿ ಬನ್ನಿ" ಎಂದು ತಲೆಬಾಗಿಸಿದ. ಉಬುಕಾತಾ ತಮಗೆ ಬಾಗಿದವರಿಗೆ ತಿರುಗಿ ಬಾಗದೆ ಇರಲಾರರು. ಹಿಂದಕ್ಕೆ ತಿರುಗಿ ಸೊಂಟದವರೆಗೆ ಬಾಗಿದರು. ಕುರ್ಚಿ ತೊಡೆಗೆ ಬಡಿಯಿತು, ಮುಖ ಹಿಮದೊಳಗೆ ಹೋಯಿತು. ಗಂಟೆ ಹೊಡೆದು ಲಿಫ್ಟು ನಿಂತಿತು. ಮ್ಯಾನೇಜರ್ ಪಕ್ಕಕ್ಕೆ ಸರಿದು ಬಟ್ಟೆ ಕೊಡವಿಕೊಂಡರು. ಹಿಂದೆ ಸಾಲಿನಲ್ಲಿ ನಿಂತಿದ್ದ ನಮ್ಮ ವಿಭಾಗದ ಇಗಾರಿಯನ್ನು ನೋಡಿ, "ಹಾಗಾದ್ರೆ ನೀವು ಬನ್ನಿ" ಅಂದರು.

ಸಂಜೆ ಇಗಾರಿ ಎದ್ದು ನಿಂತ. ಅವನಿಗೆ ಅದರ ಹಿಂದಿನ ಶರತ್ಕಾಲದಲ್ಲಷ್ಟೇ ಮಗಳು ಹುಟ್ಟಿದ್ದಳು. ಉಗ್ರಾಣಕ್ಕೆ ಒಬ್ಬ ಬೇಕಾಗಿತ್ತು, ಒಬ್ಬ ಸಿಕ್ಕಿದ.

ಸೋಮವಾರ ಬೆಳಿಗ್ಗೆ ಪ್ರತಿಯೊಬ್ಬರ ಮೇಜಿನ ಮೇಲೂ ಉಬುಕಾತಾ ಇಟ್ಟ ಮಿಠಾಯಿಯ ಡಬ್ಬಿ ಇತ್ತು. ಮೇಲೆ ಕೈಬರಹದ ಚೀಟಿ: ಲಿಫ್ಟು ನಿಲ್ಲಿಸಿ ಎಲ್ಲರಿಗೂ ತೊಂದರೆ ಕೊಟ್ಟಿದ್ದಕ್ಕೆ ಕ್ಷಮೆ ಇರಲಿ. ಇಗಾರಿ ತನ್ನ ಡಬ್ಬಿಯನ್ನು ಬಿಚ್ಚದೆಯೇ ಕಸದ ಬುಟ್ಟಿಗೆ ಹಾಕಿದ. ಉಬುಕಾತಾ ಅದನ್ನು ನೋಡಿ, ಅವನಿಗೆ ಸಿಹಿ ಆಗುವುದಿಲ್ಲವೇನೋ ಎಂದುಕೊಂಡು, ಮರುದಿನ ಉಪ್ಪಿನ ಬಿಸ್ಕತ್ತು ತಂದುಕೊಟ್ಟರು.

ಈ ವರ್ಷ ಬಸ್ಸಿನಲ್ಲಿ ಕಯಾನೋ ನನ್ನ ಪಕ್ಕಕ್ಕೆ ಬಂದು ಕೂತರು. ನಮ್ಮ ವಿಭಾಗದಲ್ಲಿ ನನಗಿಂತ ಹಳಬರು, ಬಾಯಿ ಜೋರು. ಕಿತ್ತಳೆ ಸುಲಿಯುತ್ತಾ, "ಕುಸಾಕಾ ಸಾನ್, ಆ ಮನುಷ್ಯನಿಗೆ ಈ ಸಲ ನೀವು ಕಲಿಸ್ಬೇಕು" ಅಂದರು.

"ನಾನ್ಯಾಕೆ?"

"ಮತ್ತ್ಯಾರು? ನೀವು ನಾಗಾನೋದವರು. ಹುಟ್ಟುವಾಗ್ಲೇ ಕಾಲಿಗೆ ಸ್ಕೀ ಹಲಗೆ ಕಟ್ಕೊಂಡ್ ಬಂದೋರು." ಧ್ವನಿ ತಗ್ಗಿಸಿದರು. "ಹೋದ್ವರ್ಷ ಅವರು ಬಿದ್ರು, ಇಗಾರಿ ಹೋದ. ಈ ವರ್ಷಾನೂ ಬಿದ್ರೆ ಯಾರು ಹೋಗ್ತಾರೆ ಹೇಳಿ. ಹೆಂಡ್ತಿ ಇಲ್ಲ, ಮಕ್ಕಳಿಲ್ಲ, ಹಿಮದ ಊರಿನವರು. ನಿಮಗೆ ಹೊಸ ಬೂಟ್ ಕೂಡ ತಗೊಳ್ಳೋದು ಬೇಕಿಲ್ಲ."

"ಅವರಿಗೆ ವಿಷಯ ಹೇಳ್ಬಿಡಬಹುದಲ್ಲ."

"ಹೇಳಿ. ಯಾರು ಬೇಡ ಅಂದ್ರು? ಜ್ವರ ಅಂತ ಹೋಟ್ಲಲ್ಲೇ ಮಲಗ್ತಾರೆ. ಆಮೇಲೆ ನೀವು ಆರಾಮಾಗಿ ಕುರ್ಚಿ ಹತ್ತಿ."

ಒಂದು ತೊಳೆ ನನ್ನ ಅಂಗೈಗಿಟ್ಟರು. ನಾನು ಅದನ್ನು ತಿಂದೆ.

ಮರುದಿನ ಬೆಳಿಗ್ಗೆ, ಹೇಳಿಟ್ಟಿದ್ದಂತೆ, ಒಂಬತ್ತಕ್ಕೆ ನಾನು ಹೋಗುವಷ್ಟರಲ್ಲಿ ಉಬುಕಾತಾ ಮಕ್ಕಳು ಜಾರುವ ಇಳಿಜಾರಿನ ಬುಡದಲ್ಲಿ ನಿಂತಿದ್ದರು. ಬಾಡಿಗೆಗೆ ತಂದ ಕೋಟು ತೋಳಿನಲ್ಲಿ ಗಿಡ್ಡ. ನನ್ನನ್ನು ಕಂಡದ್ದೇ ಬಾಗಿದರು. ಬಾಗಿದ ರಭಸಕ್ಕೆ ಹಲಗೆಗಳು ಹಿಂದಕ್ಕೆ ಜಾರಿ ಮೊಣಕೈ ಊರಿದರು.

"ಮೇಷ್ಟ್ರೇ, ಇವತ್ತು ನಿಮಗೆ ತುಂಬಾ ತೊಂದರೆ."

"ಮೇಷ್ಟ್ರು ಅನ್ಬೇಡಿ. ನೀವು ನನಗಿಂತ ಇಪ್ಪತ್ತು ವರ್ಷ ದೊಡ್ಡೋರು."

"ಕಲಿಸೋರು ಮೇಷ್ಟ್ರೇ," ಎಂದು ಎದ್ದರು. "ಹೋದ್ವರ್ಷ ಲಿಫ್ಟು ನಲವತ್ತು ಸೆಕೆಂಡು ನಿಂತಿತ್ತು. ಅಷ್ಟು ಜನ ಚಳೀಲಿ ನೇತಾಡ್ತಿದ್ರು. ಮ್ಯಾನೇಜರ್ ಸಾರ್ ಪ್ರೀತಿಯಿಂದ ಕರೆದ್ರೆ ನಾನು ಹಂಗೆ ಮಾಡ್ದೆ. ಮತ್ತೆ ಕರೀತಾರೋ ಇಲ್ವೋ. ಕರೆದ್ರೆ ಸರಿಯಾಗಿ ಕೂತು ಹೋಗ್ಬೇಕು. ಅಷ್ಟೇ."

ಹಲಗೆಗಳ ಮುಂತುದಿ ಕೂಡಿಸಿ ಹಿಂದನ್ನು ಅಗಲಿಸುವುದು, ಹಾಗೆ ವೇಗ ತಗ್ಗಿಸುವುದು, ಇದನ್ನು ಕಲಿಸಿದೆ. ಎಡಕ್ಕೆ ತಿರುಗುವುದು ಅವರಿಗೆ ಬೇಗ ಬಂತು. ಬಲಕ್ಕೆ ಬರಲಿಲ್ಲ. ಪ್ರತಿ ಸಲ ಬಲಕ್ಕೆ ತಿರುಗುವಾಗ ಕೂತುಬಿಡುತ್ತಿದ್ದರು. ಪಕ್ಕದಲ್ಲಿ ನಾಲ್ಕು ವರ್ಷದ ಮಕ್ಕಳು ಇವರನ್ನು ಬಳಸಿಕೊಂಡು ಹೋಗುತ್ತಿದ್ದವು. ಅದರಲ್ಲೊಂದು, "ತಾತ ಮತ್ತೆ ಬಿದ್ದ!" ಎಂದು ಕೂಗಿತು. "ಹೌದಪ್ಪ, ಮತ್ತೆ ಬಿದ್ದ" ಎಂದು ಇವರೂ ಕೂಗಿದರು.

ಲಿಫ್ಟು ಹತ್ತುವುದನ್ನು ಒಂದನೇ ನಂಬರಿನಲ್ಲಿ ಅಭ್ಯಾಸ ಮಾಡಿಸಿದೆ. ಅದೂ ಇಬ್ಬರು ಕೂರುವ ಕುರ್ಚಿಯೇ, ಮೂರು ನಿಮಿಷದ ದಾರಿ.

"ಕೆಲಸಗಾರ ಏನು ಅಂದ್ರೂ ತಿರುಗಬೇಡಿ," ಅಂದೆ. "ಭುಜದ ಮೇಲಿಂದ ಕುರ್ಚಿಯನ್ನ ಮಾತ್ರ ನೋಡಿ. ತಾಗಿದ ತಕ್ಷಣ ಕೂತ್ಕೊಳ್ಳಿ."

"ಅವರು ತಲೆ ಬಾಗಿಸಿದ್ರೆ?"

"ಬಾಗಿಸಲಿ."

"ಅವರು ಏನಂದ್ಕೋತಾರೆ?"

"ಏನೂ ಅಂದ್ಕೊಳ್ಳಲ್ಲ. ದಿನಕ್ಕೆ ಸಾವಿರ ಜನಕ್ಕೆ ಬಾಗಿಸ್ತಾರೆ."

ಮೊದಲ ಸಲ ಅವರ ಕತ್ತು ತಾನಾಗಿಯೇ ತಿರುಗಿತು. ನಾನು ಕೋಟಿನ ಕಾಲರು ಹಿಡಿದು ಎಳೆದು ಕೂರಿಸಿದೆ. ಎರಡನೆಯ ಸಲ ತುಟಿ ಕಚ್ಚಿ ಮುಂದೆ ನೋಡಿದರು. ಮೂರನೆಯ ಸಲ ಸರಾಗವಾಗಿ ಕೂತರು. ಕೂತ ಮೇಲೆ, "ಪಾಪ, ಲಿಫ್ಟಿನ ಆ ಹುಡುಗಿ 'ಹುಷಾರು' ಅಂದ್ಲು, ನಾನು ಕಲ್ಲಿನ ಹಂಗೆ ಬಂದ್ಬಿಟ್ಟೆ" ಎಂದು ಬಹಳ ಹೊತ್ತು ಕೊರಗಿದರು.

ನಾಲ್ಕನೆಯ ಸಲ ಮೇಲೆ ಹೋಗುತ್ತಿದ್ದಾಗ ಹೆಂಡತಿಯ ಮಾತು ಬಂತು. ಹೆಸರು ತಮೇ. ಆರು ವರ್ಷದಿಂದ ಕಣ್ಣು ಕಾಣುವುದಿಲ್ಲ.

"ಆದ್ರೆ ಮೇಷ್ಟ್ರೇ, ನಮ್ಮ ಬೀದಿಯೆಲ್ಲ ಅವಳಿಗೆ ಹೆಜ್ಜೆ ಲೆಕ್ಕದಲ್ಲಿ ಗೊತ್ತು. ತೋಫು ಅಂಗಡಿಗೆ ಇನ್ನೂರ ಹನ್ನೆರಡು. ಕ್ಲಿನಿಕ್ಕಿಗೆ ಐನೂರ ನಲವತ್ತು, ನಡುವೆ ಒಂದು ಸಿಗ್ನಲ್. ಕಲಿಯೋಕೆ ಮೂರು ವರ್ಷ ಹಿಡೀತು. ಈಗ ನಾನು ಆಫೀಸಿಗೆ ಹೋದ್ರೂ ಚಿಂತೆ ಇಲ್ಲ, ಒಬ್ಬಳೇ ಎಲ್ಲಾ ಕಡೆ ಹೋಗ್ಬರ್ತಾಳೆ."

ಕೆಳಗೆ ಹಿಮದಲ್ಲಿ ಮೊಲದ ಹೆಜ್ಜೆಗಳಿದ್ದವು. ನಾನು ಅವನ್ನು ನೋಡುತ್ತಿದ್ದೆ. ಅಓಮೊರಿಯ ಉಗ್ರಾಣದ ಸುತ್ತ ಏಪ್ರಿಲ್ ತನಕ ರಸ್ತೆಯ ಎರಡೂ ಬದಿ ಆಳೆತ್ತರದ ಹಿಮ ನಿಂತಿರುತ್ತದೆ. ಇಗಾರಿ ಒಂದು ಸಲ ಬರೆದಿದ್ದ.

"ಒಂದು ಮಾತು ಕೇಳ್ಲಾ?" ಅಂದರು ಉಬುಕಾತಾ. "ಮೂರನೇ ಲಿಫ್ಟು ಅಂದ್ರೆ ಸಾಕು, ಎಲ್ರೂ ಗಪ್ ಚುಪ್ ಆಗ್ತಾರಲ್ಲ, ಯಾಕೆ?"

ಹೇಳುವುದಿದ್ದರೆ ಆಗ ಹೇಳಬೇಕಾಗಿತ್ತು. ಇನ್ನೂ ಒಂದೂವರೆ ನಿಮಿಷ ಉಳಿದಿತ್ತು.

"ತುಂಬಾ ಎತ್ತರ ಅಲ್ವಾ," ಅಂದೆ. "ಕೆಲವರಿಗೆ ಭಯ."

"ಓ, ಹಂಗಾ," ಎಂದರು. ಸಮಾಧಾನವಾದಂತೆ ಕಂಡಿತು.

ಊಟದ ಹಾಲ್‌ನಲ್ಲಿ ಎಲ್ಲರೂ ಕರ್ರಿ ಸುರಿದ ಅನ್ನ ತಿಂದೆವು. ಚಮಚಗಳದ್ದೇ ಸದ್ದು. ಹಿರುಕಾವಾ ಬಾಯಿ ಒರೆಸಿಕೊಂಡು, ಟೋಪಿ ಹಾಕಿಕೊಂಡು, ಮೇಜಿನ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ನೋಡಿದರು. ಕಣ್ಣು ನನ್ನ ಮೇಲೆ ಬಂತು, ನಿಂತಿತು. ನಾನು ಚಮಚ ತಟ್ಟೆಯಲ್ಲಿಟ್ಟೆ.

"ಕುಸಾಕಾ ಸಾನ್," ಅಂದರು. "ಉಬುಕಾತಾ ಸಾನ್ ಈಗ ಹತ್ತಬಲ್ಲರಾ?"

ಎಲ್ಲರೂ ತಟ್ಟೆ ನೋಡುತ್ತಿದ್ದರು. ಉಬುಕಾತಾ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದರು, ಪರೀಕ್ಷೆಯ ಫಲಿತಾಂಶಕ್ಕೆ ಕಾದವರಂತೆ.

"ಚೆನ್ನಾಗಿ ಹತ್ತುತ್ತಾರೆ," ಅಂದೆ.

ಅವರ ಮುಖ ಅರಳಿತು. ಕಯಾನೋ ಮೇಜಿನ ಕೆಳಗೆ ನನ್ನ ಬೂಟನ್ನು ತಮ್ಮ ಬೂಟಿನಿಂದ ಮೆಲ್ಲಗೆ ತಟ್ಟಿದರು.

ಎಲ್ಲರೂ ಹೊರಗೆ ಬಂದು ನೋಡಿದೆವು. ಕುರ್ಚಿ ಬಂತು. ಕೆಲಸಗಾರ ಹಿಮ ಗುಡಿಸಿ ತಲೆ ಬಾಗಿಸಿದ. ಉಬುಕಾತಾ ತಿರುಗಲಿಲ್ಲ. ಭುಜದ ಮೇಲಿಂದ ಕುರ್ಚಿಯನ್ನು ಮಾತ್ರ ನೋಡಿ, ತಾಗಿದ ತಕ್ಷಣ ಕೂತರು. ಎರಡು ಬೆನ್ನುಗಳು ಪಕ್ಕಪಕ್ಕದಲ್ಲಿ ಮೇಲೆ ಹೋದವು. ಸ್ವಲ್ಪ ದೂರ ಹೋದ ಮೇಲೆ ಎಡಗಡೆಯ ಬೆನ್ನು ಒಂದು ಕೈಯೆತ್ತಿ, ಹಿಂದೆ ನೋಡದೆಯೇ, ನನಗೆ ಬೀಸಿತು. ನಾನೂ ಕೈ ಬೀಸಿದೆ. ಅದು ಅವರಿಗೆ ಕಾಣುವಂತಿರಲಿಲ್ಲ.

"ಅಬ್ಬ," ಎಂದರು ಯಾರೋ. ಆಮೇಲೆ ಎಲ್ಲರಿಗೂ ಒಮ್ಮೆಲೇ ಮಾತು ಬಂತು. ಬಿಯರ್ ತರಿಸೋಣ ಅಂದರು, ಬಿಸಿನೀರಿಗೆ ಹೋಗೋಣ ಅಂದರು.

ನಾನು ಅಲ್ಲೇ ನಿಂತಿದ್ದೆ. ಮ್ಯಾನೇಜರ್ ಇಪ್ಪತ್ತು ನಿಮಿಷದಲ್ಲಿ ಸರ್ರನೆ ಇಳಿದು ಬಂದು ಒಳಗೆ ಹೋದರು. ಉಬುಕಾತಾ ಬರಲು ಒಂದು ಗಂಟೆ ಹಿಡಿಯಿತು. ಎಡಕ್ಕೆ ತಿರುಗಿ ಇಳಿಜಾರಿನ ಅಂಚಿಗೆ ಬರುವುದು, ಅಲ್ಲಿ ನಿಂತು ಹಲಗೆಗಳನ್ನು ಒಂದೊಂದಾಗಿ ಎತ್ತಿ ದಿಕ್ಕು ಬದಲಿಸುವುದು, ಮತ್ತೆ ಹೊರಡುವುದು. ಹಾಗೆ ಇಡೀ ಗುಡ್ಡವನ್ನು ಇಳಿದರು. ನನ್ನ ಮುಂದೆ ಬಂದು ನಿಂತಾಗ ಹುಬ್ಬಿನ ಮೇಲೆ ಹಿಮ ಗಟ್ಟಿಯಾಗಿತ್ತು.

"ಬೀಳಲಿಲ್ಲ, ಮೇಷ್ಟ್ರೇ," ಅಂದರು. ಹಲಗೆ ಬಿಚ್ಚಲು ಬಗ್ಗಿದರು.

ಸಂಜೆ ಎಲ್ಲರೂ ಹೋಟೆಲಿನ ನಿಲುವಂಗಿಯಲ್ಲಿ ಚಾಪೆಯ ಮೇಲೆ ಸಾಲಾಗಿ ಕೂತಿದ್ದೆವು. ಮುಂದೆ ಮೀನಿನ ಪಾತ್ರೆಗಳು ಕುದಿಯುತ್ತಿದ್ದವು. ಉಬುಕಾತಾ ಎದ್ದು ನಿಂತರು. ಇಚ್ಛೆಯ ವಾಕ್ಯವನ್ನು ಪೂರ್ತಿ, ತಪ್ಪಿಲ್ಲದೆ ಹೇಳಿದರು. ಮ್ಯಾನೇಜರ್ ಹೇಳಿಕೊಟ್ಟಿದ್ದಿರಬೇಕು. "ನನ್ನ ಹೆಂಡತಿಗೂ ಹಿಮ..." ಎಂದು ಶುರುಮಾಡಿ ನಿಂತರು. ಬಾಯಿ ತೆರೆದೇ ಇತ್ತು. ಪಾತ್ರೆಗಳು ಕೊತಕೊತ ಅನ್ನುತ್ತಿದ್ದವು. ಹಿರುಕಾವಾ ಲೋಟ ಕೆಳಗಿಟ್ಟು ಅವರನ್ನು ನೋಡಿದರು.

"...ಹಿಮ ಅಂದ್ರೆ ಇಷ್ಟ," ಎಂದು ಮುಗಿಸಿದರು.

ಕಯಾನೋ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು. ಉಬುಕಾತಾ ಕೂರಲಿಲ್ಲ.

"ಇನ್ನೊಂದು ಮಾತು. ಕುಸಾಕಾ ಸಾನ್ ಇಡೀ ಬೆಳಿಗ್ಗೆ ತಮ್ಮ ಸ್ಕೀ ಬಿಟ್ಟು ನನಗೆ ಕಲಿಸಿದ್ರು. ಅವರಿಲ್ಲದೆ ಇದ್ದಿದ್ರೆ ನಾನು ಆ ಕುರ್ಚೀಲಿ ಕೂರೋಕೇ ಆಗ್ತಿರ್ಲಿಲ್ಲ."

ನನ್ನ ಕಡೆ ತಿರುಗಿ ಆಳವಾಗಿ ಬಾಗಿದರು. ಆ ತುದಿಯಲ್ಲಿ ಯಾರಿಗೋ ನಗು ತಡೆಯಲಾಗದೆ ಬಿಯರ್ ಮೂಗಿಗೆ ಏರಿತು. ಕೆಮ್ಮಿದಂತೆ ಮಾಡಿದರು. ಎಲ್ಲರೂ ಈಗ ನನಗೂ ಚಪ್ಪಾಳೆ ತಟ್ಟುತ್ತಿದ್ದರು. ನಾನು ತಿರುಗಿ ಬಾಗಿದೆ. ಅಲ್ಲಿ ಬೇರೆ ಏನು ಮಾಡಬಹುದೆಂದು ನನಗೆ ತಿಳಿಯಲಿಲ್ಲ.

ಮರುದಿನ ಬಸ್ಸು ಮಧ್ಯಾಹ್ನಕ್ಕೆ. ಬೆಳಿಗ್ಗೆ ತಿಂಡಿ ಮುಗಿಸಿ ಬೂಟಿನ ಕೋಣೆಗೆ ಬಂದಾಗ ಉಬುಕಾತಾ ಬೆಂಚಿನ ಮೇಲೆ ಸಿದ್ಧರಾಗಿ ಕೂತಿದ್ದರು. ಕಣ್ಣು ಊದಿತ್ತು.

"ಮೇಷ್ಟ್ರೇ, ಬಲಕ್ಕೆ ತಿರುಗೋದು ಬಾಕಿ ಉಳೀತು. ಅಲ್ಲಿ ಹಿಮ ಜಾಸ್ತಿ ಅಂತೆ. ಕಲಿತ್ರೆ ಉಪಯೋಗ ಆಗುತ್ತೆ. ಒಂದೇ ಗಂಟೆ."

ನಿಮಗೆ ಮೊದಲೇ ಗೊತ್ತಿತ್ತಾ ಎಂದು ಕೇಳುತ್ತಾರೆಂದು ಕಾದೆ. ರಾತ್ರಿಯಿಡೀ ಅದಕ್ಕೆ ಉತ್ತರ ಹುಡುಕಿದ್ದೆ. ಅವರು ಕೇಳಲಿಲ್ಲ. ಕೈಗವಸು ಹಾಕಿಕೊಂಡು ಕಾದರು. ಅವರ ಪಕ್ಕದಲ್ಲಿ ಇನ್ನೊಂದು ಗಂಟೆ ನಿಲ್ಲುವುದು ನನ್ನಿಂದಾಗದು ಅನ್ನಿಸಿತು. ಮತ್ತು ನಿಲ್ಲಬೇಕಾದ ಕಾರಣವೂ ಈಗ ಇರಲಿಲ್ಲ.

"ಮೊಣಕಾಲು ನೋಯ್ತಿದೆ," ಅಂದೆ.

"ಅಯ್ಯೋ, ನನ್ನಿಂದ್ಲೇ. ನಿನ್ನೆ ಎಷ್ಟು ಸಲ ಎತ್ತಿದ್ರಿ." ಚೀಲ ತೆರೆದು ನೋವಿಗೆ ಅಂಟಿಸುವ ಪಟ್ಟಿಯೊಂದನ್ನು ತೆಗೆದರು. "ಯಾವ ಕಾಲು?"

"ಬೇಡ, ಆಮೇಲೆ ನಾನೇ..."

"ಯಾವ ಕಾಲು, ಮೇಷ್ಟ್ರೇ?"

"ಬಲಗಾಲು," ಅಂದೆ.

ನೆಲದ ಮೇಲೆ ಮಂಡಿಯೂರಿ ಕೂತು ನನ್ನ ಪ್ಯಾಂಟನ್ನು ಮೇಲಕ್ಕೆ ಮಡಿಚಿದರು. ಎಲ್ಲಿ ನೋವೆಂದು ಬೆರಳಿಂದ ಒತ್ತಿ ಕೇಳಿದರು. ಇಲ್ಲಿ ಅಂದೆ. ಇಲ್ಲೇನಾ, ಇಲ್ಲೇನಾ ಎಂದು ಮತ್ತೆ ಕೇಳಿದರು. ಇಲ್ಲೇ ಅಂದೆ. ಪಟ್ಟಿ ಅಂಟಿಸಿ ನಾಲ್ಕು ಮೂಲೆಗಳನ್ನೂ ಹೆಬ್ಬೆರಳಿನಿಂದ ಗಟ್ಟಿಯಾಗಿ ಅದುಮಿದರು. ಕರ್ಪೂರದ ವಾಸನೆ ಕೋಣೆಯೆಲ್ಲ ತುಂಬಿತು. ಅವರ ಮುಖ ನನಗೆ ಕಾಣಲಿಲ್ಲ, ಬೋಳಾಗುತ್ತಿದ್ದ ನೆತ್ತಿ ಮಾತ್ರ ಕಂಡಿತು.

"ಸಂಜೆವರೆಗೂ ತೆಗೀಬೇಡಿ," ಎಂದು ಎದ್ದು, ಹಲಗೆಗಳನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಹೋದರು.

ಊಟದ ಹಾಲ್‌ನ ಕಿಟಕಿಯಿಂದ ಮಕ್ಕಳ ಇಳಿಜಾರು ಕಾಣುತ್ತದೆ. ಉಬುಕಾತಾ ಎಡಕ್ಕೆ ತಿರುಗಿದರು, ಬಲಕ್ಕೆ ಬಿದ್ದರು, ಎದ್ದರು. ಕಯಾನೋ ಕಾಫಿ ತಂದು ಎದುರಿಗೆ ಕೂತರು.

"ಹೋಗಲ್ವಾ ಮೇಷ್ಟ್ರೇ? ಶಿಷ್ಯ ಒದ್ದಾಡ್ತಿದ್ದಾನೆ."

"ಮೊಣಕಾಲು ನೋವು."

"ಹೌದಾ," ಎಂದು ನಕ್ಕು, ಸಕ್ಕರೆ ನನ್ನ ಕಡೆ ಸರಿಸಿದರು.

ಪಟ್ಟಿಯ ಕೆಳಗೆ ಚರ್ಮ ಉರಿಯತೊಡಗಿತ್ತು. ಉಬುಕಾತಾ ಬಿದ್ದದ್ದನ್ನು ನಾನು ಹದಿನೇಳರವರೆಗೆ ಎಣಿಸಿದೆ. ಬಸ್ಸಿನವನು ಹಾರನ್ ಹೊಡೆಯುವವರೆಗೂ ಎದ್ದು ಹೋಗಲಿಲ್ಲ.