ಲಿಂಡಾಲ್ವಾ ಬಚ್ಚಿಟ್ಟ ತಟ್ಟೆ

ಲಿಂಡಾಲ್ವಾಗೆ ಐವತ್ತೆಂಟು ವರ್ಷ. ಅದರಲ್ಲಿ ಇಪ್ಪತ್ತಾರು ವರ್ಷ ಫೋರ್ತಲೇಜಾ ನಗರದ ಈ ಪ್ರಯೋಗಾಲಯದಲ್ಲೇ, ಮೇಕೆಗಳ ಅಂಡಾಶಯದ ಮುಂದೆ ಕೂತು ಕಳೆದುಹೋಗಿತ್ತು. ಬೆಳಿಗ್ಗೆ ಕಸಾಯಿಖಾನೆಯಿಂದ ಐಸಿನಲ್ಲಿ ಬರುವ, ಗೋಡಂಬಿಯಷ್ಟೇ ಇರುವ ಅಂಡಾಶಯವನ್ನು ಸೀಳಿ, ಒಳಗಿನ ಸಣ್ಣ ಸಣ್ಣ ಗುಳ್ಳೆಗಳನ್ನು ಸೂಜಿಮೊನೆಯಿಂದ ಬಿಡಿಸಿ, ಒಂದೊಂದನ್ನೂ ಒಂದೊಂದು ಹನಿ ಪೋಷಕದ್ರವದಲ್ಲಿ ಬಿಟ್ಟು ಬೆಳೆಸುವುದು ಅವಳ ಕೆಲಸ. ಪ್ರತಿ ಗುಳ್ಳೆಯ ಮಡಿಲಲ್ಲೂ ಒಂದು ಅಂಡ. ಪುಸ್ತಕದಲ್ಲಿ ಅದಕ್ಕೆ ಬಾಯಿ ತುಂಬುವ ಹೆಸರಿದೆ. ಲಿಂಡಾಲ್ವಾ ಮಾತ್ರ ಯಾರೂ ಇಲ್ಲದಾಗ ಅವನ್ನು 'ಮಕ್ಕಳೇ' ಎಂದು ಕರೆಯುತ್ತಿದ್ದಳು.

ಅವಳಿಗೆ ಮಕ್ಕಳಾಗಲಿಲ್ಲ. ಮೂವತ್ತೊಂದನೇ ವಯಸ್ಸಿಗೆ ಕ್ಯಾನ್ಸರಿನ ಔಷಧಿ ಪ್ರಾಣ ಉಳಿಸಿತು, ಅಂಡಾಶಯವನ್ನು ಸುಟ್ಟಿತು. ಮೊದಲೇ ಏನಾದರೂ ಎತ್ತಿಡಬಹುದಿತ್ತು ಎಂದು ಆಗ ಹೇಳಿದವರಿಲ್ಲ.

ಈಗ ಅಂಥದೇ ಔಷಧಿ ತಂಗಿ ಮಾರ್ಲೂಸಿಯ ಮಗಳು ನಾಯಾರಾಳ ಪಾಲಿಗೆ ಬಂದಿತ್ತು. ಹುಡುಗಿಗೆ ಹತ್ತೊಂಬತ್ತು. ಸೋಮವಾರದಿಂದ ಚಿಕಿತ್ಸೆ. ಅದಕ್ಕೆ ಮೊದಲು ಅಂಡಾಶಯದ ಒಂದು ಚೂರನ್ನು ತೆಗೆದು ಹೆಪ್ಪುಗಟ್ಟಿಸಿ ಇಡುತ್ತೇವೆ, ಗುಣವಾದ ಮೇಲೆ ವಾಪಸ್ ಕೂರಿಸಬಹುದು ಎಂದು ಆಸ್ಪತ್ರೆಯವರು ಹೇಳಿದ್ದರು. ಗುರುವಾರ ಸಂಜೆಯೊಳಗೆ ಒಪ್ಪಿಗೆಪತ್ರ ಕೊಡಬೇಕು. ನಾಯಾರಾ ಸುತರಾಂ ಒಪ್ಪಲಿಲ್ಲ. ಸಲೂನಿನಲ್ಲಿ ಊರವರಿಗೆಲ್ಲ ಜಡೆ ಹೆಣೆಯುವವಳು, ಔಷಧಿ ಕೂದಲು ಉದುರಿಸುವ ಮೊದಲು ನಾನೇ ತೆಗೆಯುತ್ತೇನೆಂದು ತಲೆ ಬೋಳಿಸಿಕೊಂಡು ಕೂತಿದ್ದಳು. ಫ್ರಿಜ್ಜಿನಲ್ಲಿಟ್ಟ ಮಾಂಸದಿಂದ ಮಗು ಹುಟ್ಟುತ್ತಾ ಎಂದು ನಕ್ಕಳು. ಮಾರ್ಲೂಸಿ ಅತ್ತಳು. ಭಾನುವಾರ ಊಟಕ್ಕೆ ಕೂತಾಗ ಲಿಂಡಾಲ್ವಾ ಒಂದೂವರೆ ಗಂಟೆ ವಿಜ್ಞಾನ ಒದರಿದಳು. ಹುಡುಗಿ ಅರ್ಧ ತಟ್ಟೆ ಅನ್ನ ಬಿಟ್ಟು ಎದ್ದುಹೋದಳು.

ಕೊನೆಗೆ ಗುರುವಾರ ಬೆಳಿಗ್ಗೆ, ಕಾಯಿತುರಿ ಹಾಕಿದ, ಮರಗೆಣಸಿನ ಹಿಟ್ಟಿನ ತಪಿಯೋಕ ರೊಟ್ಟಿ ಕೊಡಿಸುವ ಆಸೆ ತೋರಿಸಿ ಪ್ರಯೋಗಾಲಯಕ್ಕೆ ಕರೆಸಿಕೊಂಡಳು. ಹುಡುಗಿ ಬರುವ ಮೊದಲು ಒಂದು ಕೆಲಸ ಮಾಡಿದ್ದಳು. ಚೆನ್ನಾಗಿ ಬೆಳೆದ ಗುಳ್ಳೆಗಳ ತಟ್ಟೆಯನ್ನು ಮುಂದಿಟ್ಟು, ಇನ್ನೊಂದನ್ನು ಕೆಳಗಿನ ಕಪಾಟಿಗೆ ತಳ್ಳಿದ್ದಳು. ಇಪ್ಪತ್ತಾರು ವರ್ಷದಲ್ಲಿ ಅಂಥ ಕಳ್ಳತನ ಅವಳು ಮಾಡಿದವಳಲ್ಲ.

ನಾಯಾರಾ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ದುಂಡಗಿನ ಗುಳ್ಳೆ, ಒಳಗೆ ನೀರು ತುಂಬಿದ ತಿಳಿಯಾದ ಜಾಗ, ಅದರ ಅಂಚಿಗೆ ಒರಗಿದ ಅಂಡ.

"ಇದು ಸತ್ತ ಮೇಕೇದಾ?"

"ಮೇಕೆ ಸತ್ತು ಹದಿನೆಂಟು ದಿನ ಆಯ್ತು. ಇದು ಸತ್ತಿಲ್ಲ."

"ಏನು ತಿನ್ನಿಸ್ತೀಯ ಇದಕ್ಕೆ?"

ಮೈಯಲ್ಲಿದ್ದರೆ ತಲೆಯೊಳಗಿನ ಗ್ರಂಥಿ ಒಂದು ಹಾರ್ಮೋನು ಕಳಿಸಿ ಇವನ್ನು ಬೆಳೆಸುತ್ತದೆ, ಇಲ್ಲಿ ಆ ಗ್ರಂಥಿಯ ಕೆಲಸ ನನ್ನದು ಎಂದು ಲಿಂಡಾಲ್ವಾ ವಿವರಿಸಿದಳು. ಮೊದಲ ಆರು ದಿನ ಚೂರೇ ಚೂರು. ಆಮೇಲೆ ಆರು ದಿನ ಸ್ವಲ್ಪ ಹೆಚ್ಚು. ಕೊನೆಯ ಆರು ದಿನ ಇನ್ನೂ ಹೆಚ್ಚು.

"ಮೊದಲ ದಿನಾನೇ ಪೂರ್ತಿ ಸುರಿದುಬಿಟ್ರೆ?"

"ಗುಳ್ಳೆ ಗಡಿಬಿಡಿಲಿ ಉಬ್ಬುತ್ತೆ, ಒಳಗಿನ ಅಂಡ ಹಾಳಾಗುತ್ತೆ."

"ಭಾನುವಾರ ನನಗೆ ಮಾಡಿದ್ಯಲ್ಲ, ಹಾಗೆ."

ಲಿಂಡಾಲ್ವಾಗೆ ನಗು ಬಂತು. ಹುಡುಗಿ ಗೋಡೆಗೆ ಅಂಟಿಸಿದ್ದ ಲೆಕ್ಕದ ಹಾಳೆಯತ್ತ ತಿರುಗಿದ್ದಳು.

"ದೊಡ್ಡಮ್ಮ, ಇಲ್ಲಿ ಇಪ್ಪತ್ತು ಗುಳ್ಳೆ ಅಂತ ಬರೆದಿದೆ. ತಟ್ಟೇಲಿರೋದು ಆರು. ಉಳಿದಿದ್ದು ಎಲ್ಲಿ?"

ಬೇರೆ ಕಡೆ ಇವೆ ಎಂದರೆ ಮುಗಿಯುತ್ತಿತ್ತು. ಮಾತು ತುದಿನಾಲಗೆಗೆ ಬಂದೂ ಇತ್ತು. ಆದರೆ ಆ ಬೋಳುತಲೆ, ಆ ದೊಡ್ಡ ಕಣ್ಣು ನೋಡಿ ಸುಳ್ಳು ಹೇಳಲು ಅವಳಿಗೆ ಮನಸ್ಸು ಬರಲಿಲ್ಲ. ಬಗ್ಗಿ ಕೆಳಗಿನ ತಟ್ಟೆಯನ್ನು ತೆಗೆದು ಮುಂದಿಟ್ಟಳು. ಹದಿನಾಲ್ಕು ಗುಳ್ಳೆಗಳು. ಕೆಲವು ಕಪ್ಪಿಟ್ಟಿದ್ದವು, ಕೆಲವು ಒಡೆದಿದ್ದವು.

ನಾಯಾರಾ ಒಂದೊಂದನ್ನೂ ನೋಡಿದಳು. ಒಪ್ಪಲಿದ್ದವಳ ಮನಸ್ಸನ್ನು ಕೈಯಾರೆ ಕೆಡಿಸಿದೆನಲ್ಲ ಎಂದುಕೊಂಡು ಲಿಂಡಾಲ್ವಾ ಕುರ್ಚಿಯ ಬೆನ್ನು ಹಿಡಿದು ನಿಂತಳು.

"ನನ್ನ ಚೂರೂ ಹೀಗೇ ತಟ್ಟೇಲಿ ಬೆಳೀಬೇಕಾ?"

"ಇಲ್ಲ ಮಗಳೇ. ಮನುಷ್ಯರದ್ದು ಅಷ್ಟು ಸುಲಭಕ್ಕೆ ಇನ್ನೂ ಕೈಗೆ ಬಂದಿಲ್ಲ. ನಿಂದನ್ನ ನಿನ್ನ ಮೈಗೇ ವಾಪಸ್ ಕೂರಿಸ್ತಾರೆ. ಹಾರ್ಮೋನು ನಿನ್ನ ಮೈಯೇ ಕೊಡುತ್ತೆ. ಆದ್ರೂ ಆಗೇ ಆಗುತ್ತೆ ಅಂತ ನಾನು ಹೇಳಲ್ಲ."

"ನಿಂಗೆ ಆಗ ಎಷ್ಟು ಉಳಿದಿತ್ತು?"

"ಯಾರೂ ಎತ್ತಿಡಲಿಲ್ಲ. ನಂಗೆ ಆರೂ ಇಲ್ಲ, ಹದಿನಾಲ್ಕೂ ಇಲ್ಲ."

ಈ ಮಾತನ್ನು ಅವಳು ತಂಗಿಗೂ ಹೇಳಿಕೊಂಡಿರಲಿಲ್ಲ. ಹೇಳಿದ ಮೇಲೆ ಸುಮ್ಮನೆ ನಿಲ್ಲಲಾಗದೆ, ಬದುಕಿದ್ದ ಆರಕ್ಕೂ ಹಳೆಯ ದ್ರವವನ್ನು ಅರ್ಧ ತೆಗೆದು ಹೊಸದನ್ನು ಅರ್ಧ ಹಾಕತೊಡಗಿದಳು.

ಆರನೆಯದು ಮುಗಿಯುವ ಹೊತ್ತಿಗೆ ನಾಯಾರಾ ಚೀಲದಿಂದ ಮಡಚಿದ ಒಪ್ಪಿಗೆಪತ್ರ ತೆಗೆದಿದ್ದಳು. ಬರುವಾಗ ಕೊಡಿಸಿದ್ದ ರೊಟ್ಟಿಯ ಎಣ್ಣೆ ತಾಗಿ ಮೂಲೆ ಒದ್ದೆಯಾಗಿತ್ತು.

"ಪೆನ್ ಕೊಡು. ಚೆನ್ನಾಗಿರೋದನ್ನ ಮಾತ್ರ ತೋರಿಸಿ ಕಳಿಸಿದ್ರೆ ಸಹಿ ಹಾಕ್ತಿರಲಿಲ್ಲ."

ಲಿಂಡಾಲ್ವಾ ಜೇಬಿನಿಂದ ಪೆನ್ ತೆಗೆದು ಕೊಟ್ಟಳು. ಹುಡುಗಿ ಸಹಿ ಹಾಕಿದಳು. ಕೆಳಗೆ, ವಾಪಸ್ ಕೂರಿಸುವ ದಿನ ಜೊತೆಗಿರುವವರ ಹೆಸರು ಎಂಬಲ್ಲಿ ಲಿಂಡಾಲ್ವಾಳ ಹೆಸರು ಬರೆದಳು. ಪಕ್ಕದಲ್ಲಿ ಸಂಬಂಧ ಎಂದಿದ್ದ ಕಡೆ ಸ್ವಲ್ಪ ಯೋಚಿಸಿ, 'ಅಜ್ಜಿ' ಎಂದು ಬರೆದಳು.

"ತಪ್ಪು ಬರೆದ್ಯಲ್ಲೇ. ನಾನು ನಿಂಗೆ ದೊಡ್ಡಮ್ಮ."

"ನಂಗಲ್ಲ," ಎಂದಳು ನಾಯಾರಾ. "ಆ ಚೂರಿಂದ ಬರೋ ಮಗೂಗೆ."

ಲಿಂಡಾಲ್ವಾ ಕನ್ನಡಕ ತೆಗೆದು ಒರೆಸಿಕೊಂಡಳು. ಆ ಕಾಗದವನ್ನು ತಾನೇ ಆಸ್ಪತ್ರೆಗೆ ಕೊಟ್ಟು ಬರುತ್ತೇನೆಂದು ಹಟ ಹಿಡಿದು ಇಸಿದುಕೊಂಡಳು.